ಲೊವೀಸಾ ಥೇಯರ್ ಸಾಯಲು ಬಿಡದ ಹುಡುಗಿಯರು

ನನ್ನ ನಾದಿನಿ ಲೊವೀಸಾ ಥೇಯರ್ ಮಾತಾಡುವಾಗ ದನಿ ಸಾಧಾರಣವಾಗಿಯೇ ಇರುತ್ತಿತ್ತು, ಸ್ವಲ್ಪ ಒರಟು ಎಂದೂ ಹೇಳಬಹುದು. ಕೈಗೆ ಪುಸ್ತಕ ಬಂತೆಂದರೆ ಮಾತ್ರ ಅವಳು ಬೇರೆಯೇ ಹೆಂಗಸು. ಹಾಗಾಗಿ ನಮ್ಮ ನ್ಯೂಬರಿಪೋರ್ಟಿನ ಹಡಗುಕಟ್ಟೆ ಬೀದಿಯಲ್ಲಿ ಯಾರ ಮನೆಯಲ್ಲಿ ಕೌದಿ ಹೊಲಿಯಲು ಸೇರಿದರೂ ಅವಳಿಗೆ ಸೂಜಿ ಕೊಡುತ್ತಿರಲಿಲ್ಲ. ಕಿಟಕಿ ಪಕ್ಕದ ಕುರ್ಚಿ ಅವಳದು. ನಾವು ಹೊಲಿಯುತ್ತಿದ್ದೆವು, ಅವಳು ಓದುತ್ತಿದ್ದಳು.

ನನ್ನ ಗಂಡ, ಅಂದರೆ ಅವಳ ಅಣ್ಣ, ಸಮುದ್ರಪಾಲಾದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಒಣಹುಲ್ಲು ಹೆಣೆದು ಹೆಂಗಸರ ಟೋಪಿ ಮಾಡಿ ಮಾರುವುದು ನಮ್ಮ ಕಸುಬು. ಲೊವೀಸಾಗೆ ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಕೇಳಿಕೊಂಡು ಬಂದವರಿರಲಿಲ್ಲ ಎಂದಲ್ಲ. ಬಂದವರನ್ನು ಇವಳು ಎಷ್ಟು ಪ್ರಶ್ನೆ ಕೇಳುತ್ತಿದ್ದಳೆಂದರೆ, ಅವರೇ ಬೇಸತ್ತು ಎದ್ದು ಹೋಗುತ್ತಿದ್ದರು.

ಅಧ್ಯಕ್ಷ ವಾಷಿಂಗ್ಟನ್ ತೀರಿಕೊಂಡ ಆಸುಪಾಸಿನ ವರ್ಷಗಳವು. ಬಾಸ್ಟನ್ನಿನಿಂದ ಬರುತ್ತಿದ್ದ ಕಾದಂಬರಿಗಳೆಲ್ಲ ಒಂದೇ ಅಚ್ಚಿನವು. ತಾಯಿಯಿಲ್ಲದ ಹುಡುಗಿ, ಒಳ್ಳೆ ಕೋಟಿನ ಗಂಡಸು, ಮದುವೆಯ ಮಾತು, ಕತ್ತಲಲ್ಲಿ ಬರುವ ಕುದುರೆಗಾಡಿ, ಗುರುತಿಲ್ಲದ ಊರಿನಲ್ಲಿ ಬಾಡಿಗೆ ಕೋಣೆ, ಕೊನೆಗೆ ಬಸುರಿ ಹೆಂಗಸಿನ ಸಾವು. ನಮ್ಮ ಹೊಸ ದೇಶದ ಹೆಣ್ಣುಮಕ್ಕಳಿಗೆ ಎಚ್ಚರಿಕೆಯಾಗಲೆಂದು ಬರೆದದ್ದು ಅಂತ ಪ್ರತಿಯೊಂದರ ಮುನ್ನುಡಿಯಲ್ಲೂ ಇರುತ್ತಿತ್ತು. ಇಂಥವನ್ನು ಮುಟ್ಟಬೇಡಿ ಎಂದು ಪಾದ್ರಿಗಳು ಭಾನುವಾರ ಹೇಳಿದರೆ, ಸೋಮವಾರ ಅವರ ಹೆಂಡತಿಯೇ ನಮ್ಮ ಮನೆಗೆ ಬಂದು ಎರಡನೇ ಭಾಗ ಇದೆಯಾ ಎಂದು ಕೇಳುತ್ತಿದ್ದರು.

ಅವುಗಳಲ್ಲಿ ಒಂದು ಪುಸ್ತಕ ಎಲ್ಲರನ್ನೂ ಹಿಡಿದುಕೊಂಡಿತು. ಬರೆದವನ ಹೆಸರಿರಲಿಲ್ಲ, 'ಮ್ಯಾಸಚೂಸೆಟ್ಸಿನ ಒಬ್ಬ ಸದ್ಗೃಹಸ್ಥ' ಎಂದಷ್ಟೇ ಇತ್ತು. ಅದರ ಕೆಳಗೆ 'ನಿಜವಾಗಿ ನಡೆದದ್ದು' ಎಂದಿತ್ತು. ಅದರ ಹುಡುಗಿಯ ಹೆಸರು ಹೊನೋರಾ. ಲೊವೀಸಾ ಅವಳ ಸಾವನ್ನು ಓದಿ ಮುಗಿಸಿದ ದಿನ ಕೌದಿಯ ಸುತ್ತ ಕೂತವರೆಲ್ಲ ಅತ್ತರು. ಚರ್ಚಿನ ಹಿರಿಯರ ಹೆಂಡತಿ ನಾಯ್ಸಮ್ಮನವರು ಕೌದಿಯ ಅಂಚಿನಲ್ಲೇ ಮೂಗು ಒರೆಸಿಕೊಂಡರು.

ಲೊವೀಸಾ ಪುಸ್ತಕ ಮುಚ್ಚಲಿಲ್ಲ. ಹಾಳೆ ಹಿಂದೆ ಮುಂದೆ ತಿರುಗಿಸುತ್ತಿದ್ದಳು.

"ಅವನೇನಾದ?" ಅಂದಳು.

"ಯಾರು?"

"ಇವಳನ್ನ ಕರ್ಕೊಂಡು ಹೋದವನು. ಪಶ್ಚಾತ್ತಾಪಪಟ್ಟ ಅಂತ ಎರಡು ಸಾಲಿದೆ. ಆಮೇಲೆ ಒಂದು ಕಡೆ ಅವನ ಹೆಂಡತಿ ಅಂತ ಬರುತ್ತೆ. ಯಾವಾಗ ಮದುವೆಯಾದ?"

"ಅದೆಲ್ಲ ಯಾಕಮ್ಮ ನಿನಗೆ? ಪುಸ್ತಕ ಇರೋದು ಹುಡುಗೀರಿಗೆ ಬುದ್ಧಿ ಬರ್ಲಿ ಅಂತ," ಎಂದರು ನಾಯ್ಸಮ್ಮ.

"ಹುಡುಗರಿಗೆ ಬುದ್ಧಿ ಬರೋ ಪುಸ್ತಕ ಯಾವುದು?"

ಲೊವೀಸಾ ಚುಚ್ಚುವುದಕ್ಕೆ ಕೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ಹೊನೋರಾ ಸತ್ತ ಹಳ್ಳಿ ನದಿಯ ಮೇಲ್ಗಡೆಯ ರೇನ್ಸ್‌ಫೋರ್ಡ್ ಎಂದು ಜನ ಪತ್ತೆ ಮಾಡಿದರು. ಅಲ್ಲಿ ಅವಳ ಗೋರಿಯಿದೆ, ನೋಡಿದವರು ಅಳದೆ ಬರುವುದಿಲ್ಲ ಎಂಬ ಸುದ್ದಿಯೂ ಬಂತು. ಜೂನ್ ತಿಂಗಳಲ್ಲಿ ಉಪ್ಪುಮೀನಿನ ಗಾಡಿಯೊಂದು ಆ ಕಡೆ ಹೊರಟಿತ್ತು. ಲೊವೀಸಾ ನನ್ನನ್ನೂ ಹತ್ತಿಸಿದಳು. ದಾರಿಯುದ್ದಕ್ಕೂ ಮೀನಿನ ವಾಸನೆ.

ಗೋರಿಯ ಹತ್ತಿರ ಹೇವರಿಲ್ಲಿನಿಂದ ಬಂದಿದ್ದ ಇಬ್ಬರು ಹುಡುಗಿಯರು ಕರವಸ್ತ್ರ ಹಿಡಿದು ನಿಂತಿದ್ದರು. ಅವರ ಜೊತೆಗಿದ್ದ ಯುವಕ ನೆನಪಿಗಿರಲೆಂದು ಕಲ್ಲಿನ ಮೂಲೆಯಿಂದ ಒಂದು ಚಕ್ಕೆ ಒಡೆದುಕೊಂಡ. ಅವರು ಹೋಗುವ ತನಕ ಲೊವೀಸಾ ಕಾದಳು. ಆಮೇಲೆ ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದ ಗೋರಿ ತೋಡುವ ಮುದುಕನ ಹತ್ತಿರ ಹೋದಳು.

"ತಾತ, ಇಲ್ಲಿ ಮಲಗಿರೋದು ಯಾರು?"

"ಪುಸ್ತಕದೋಳು."

"ಅದಿರ್ಲಿ. ನಿಜವಾಗಿ ಯಾರು?"

ಮುದುಕ ಅವಳನ್ನು ನೋಡಿದ, ಗೇಟಿನ ಕಡೆ ನೋಡಿದ. "ನಮ್ಮಪ್ಪನ ಚಿಕ್ಕಮ್ಮ. ಎಂಬತ್ತು ದಾಟಿತ್ತು, ಹಲ್ಲಿಲ್ಲದೆ ಸತ್ತಳು. ಕಲ್ಲಿನ ಮೇಲೆ ಹೆಸರು ಅಳಿಸಿಹೋಗಿದೆ ನೋಡು, ಹೆಂಡದಂಗಡಿಯೋನು ಎಲ್ಲರನ್ನೂ ಇಲ್ಲಿಗೇ ಕಳಿಸ್ತಾನೆ."

"ಹಾಗಾದ್ರೆ ಆ ಹುಡುಗಿ?"

"ಗುಡ್ಡದ ಮೇಲಿದ್ದಾಳೆ."

"ಅಲ್ಲೂ ಗೋರಿ ಇದೆಯಾ?"

"ಹಸು ಇದೆ," ಎಂದ ಮುದುಕ. "ಚೀಸ್ ಮಾಡ್ತಾಳೆ. ನಾನು ಹೇಳಿದೆ ಅಂತ ಹೇಳ್ಬೇಡ."

ಗುಡ್ಡದ ಮೇಲಿನ ಆ ಹೆಂಗಸಿನ ಹೆಸರು ಆಕ್ಸಾ ರಡ್, ನಲವತ್ತರ ಆಚೀಚಿನವಳು. ತೋಳು ಮೊಣಕೈ ತನಕ ಒದ್ದೆ. ಅಂಗಳದಲ್ಲಿ ನಿಂತ ನಮ್ಮನ್ನು ಕಂಡ ಕೂಡಲೇ ಆಕೆಗೆ ಗೊತ್ತಾಯಿತು.

"ಗೋರಿ ನೋಡೋಕೆ ಬಂದೋರಾ? ಅದು ಕೆಳಗಿದೆ."

"ನೋಡ್ಕೊಂಡೇ ಬಂದ್ವಿ ಅಕ್ಕ," ಎಂದಳು ಲೊವೀಸಾ. "ಅದರಲ್ಲಿ ನೀವಿರಲಿಲ್ಲ."

ಆಕ್ಸಾ ನಕ್ಕಳು. ಒಳಗೆ ಕರೆದು ಮಜ್ಜಿಗೆಯನ್ನೂ ಮುಸುಕಿನ ಜೋಳದ ರೊಟ್ಟಿಯನ್ನೂ ಕೊಟ್ಟಳು. ಹಲಗೆಯ ಮೇಲಿನ ಚೀಸ್ ಗುಂಡುಗಳನ್ನು ಮಗುಚಿಡುತ್ತಿದ್ದ ಎತ್ತರದ ಹುಡುಗಿಯನ್ನು ತೋರಿಸಿ, "ನನ್ನ ಮಗಳು. ಪುಸ್ತಕದಲ್ಲಿ ಇವಳೂ ಸತ್ತಿದ್ದಾಳೆ," ಎಂದಳು.

"ನೀವು ಓದಿದ್ದೀರಾ?"

"ಪೂರ್ತಿ. ಮೊದಲು ನಾನು ಅಂತ ಗೊತ್ತಾಗ್ಲಿಲ್ಲ, ನಾನು ಅಷ್ಟೆಲ್ಲ ಮೂರ್ಛೆ ಹೋದೋಳಲ್ಲ. ಆಮೇಲೆ ತೋಟದ ಮಾತು ಬಂತು. 'ಮದುವೆ ಅನ್ನೋದು ಪಾದ್ರಿ ಓದೋ ನಾಲ್ಕು ಸಾಲಲ್ಲ, ಈ ಸೇಬಿನ ಮರ ಕೇಳಿಸ್ಕೊಂಡ್ರೆ ಸಾಕು.' ಅವನು ನನಗೆ ಹೇಳಿದ ಮಾತು ಅದು. ನಾನು ಯಾರಿಗೂ ಹೇಳಿರಲಿಲ್ಲ, ನಮ್ಮಮ್ಮನಿಗೂ ಹೇಳಿಲ್ಲ. ಪುಸ್ತಕದಲ್ಲಿ ಮಾತು ಹಾಗೇ ಇದೆ. ಸೇಬಿನ ಮರ ಹೋಗಿ ಗುಲಾಬಿ ಚಪ್ಪರ ಆಗಿದೆ, ಅಷ್ಟೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಲೊವೀಸಾ ಆಗಲೇ ಮುಂದಕ್ಕೆ ಬಾಗಿದ್ದಳು. "ಬರೆದವನು ಅವನೇ."

"ಇನ್ಯಾರು?"

ಅವನು ಆಗ ಊರಿನ ವಕೀಲರ ಬಳಿ ಕಾನೂನು ಕಲಿಯುತ್ತಿದ್ದನಂತೆ. ಆಕ್ಸಾಳ ಹೊಟ್ಟೆ ಕಾಣಿಸಿಕೊಂಡಾಗ ನ್ಯೂಯಾರ್ಕ್ ಸೀಮೆಗೆ ಹೊರಟುಹೋದ. ಹೆರಿಗೆ ನೋವು ಏರಿದಾಗ ಸೂಲಗಿತ್ತಿ ಪದ್ಧತಿಯಂತೆ ತಂದೆ ಯಾರೆಂದು ಕೇಳಿದಳು. ಆ ನೋವಿನಲ್ಲಿ ಯಾರೂ ಸುಳ್ಳು ಹೇಳಲಾರರೆಂದು ಕೋರ್ಟೂ ಆ ಮಾತನ್ನು ನಂಬುತ್ತದೆ. ಆಕ್ಸಾ ಹೆಸರು ಹೇಳಿದಳು. ಕೋರ್ಟಿನಿಂದ ಅವನ ಬಾಗಿಲಿಗೆ ಕರೆ ಹೋಯಿತು, ಬಾಗಿಲು ತೆಗೆಯಲು ಅವನಿರಲಿಲ್ಲ. ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಂಡವಳು ಆಕ್ಸಾ ಒಬ್ಬಳೇ.

"ಅಪ್ಪ ಮಾತು ಬಿಟ್ಟಿದ್ರು. ಹುಲ್ಲು ಕೊಯ್ಲು ಬಂತು, ಆಳು ಸಾಲದು, 'ಆ ಕಡೆ ಹಿಡ್ಕೊ' ಅಂದ್ರು. ಅಲ್ಲಿಂದ ಮಾತು ಶುರುವಾಯ್ತು. ಆಮೇಲೆ ಅವನು ವಾಪಸ್ ಬಂದು ದೊಡ್ಡ ಮನುಷ್ಯ ಆದ. ಈಗ ಜಡ್ಜ್ ಅಂತೆ."

"ನಿಮಗೆ ಕೋಪ ಬರಲಿಲ್ವಾ, ಸಾಯಿಸಿಬಿಟ್ಟಿದ್ದಾನಲ್ಲ ಅಂತ?"

"ಬಂತು. ಆದ್ರೆ ಒಂದು ನೋಡಿದೆ ನೋಡಮ್ಮ, ಆ ಗೋರಿ ಆದ್ಮೇಲೆ ಊರಿನೋರು ನನ್ನ ಕಡೆ ಬೆರಳು ತೋರಿಸೋದು ಬಿಟ್ರು. ಸತ್ತೋಳನ್ನ ಎಲ್ರೂ ಕ್ಷಮಿಸ್ತಾರೆ. ಅತ್ತು ಮುಗಿಸಿ ಹೆಂಡದಂಗಡೀಲಿ ನನ್ನ ಚೀಸೇ ತಿಂತಾರೆ. ಅದಕ್ಕೇ ನನ್ನ ಹೆಸರು ನಿಮ್ಮೂರಲ್ಲಿ ಎತ್ತಬೇಡಿ."

ನಾವು ಒಪ್ಪಿಕೊಂಡು ಬಂದೆವು. ಗಾಡಿ ಗುಡ್ಡ ಇಳಿದ ಮೇಲೆ ಲೊವೀಸಾ ನನ್ನ ಕಡೆ ತಿರುಗಿದಳು.

"ಅತ್ತಿಗೆ, ಅವಳು ಬದುಕಿರೋದು ಅವನಿಗೆ ಗೊತ್ತಿತ್ತು. ಆದ್ರೂ ಯಾಕೆ ಸಾಯಿಸಿದ?"

"ಸತ್ತೋರು ಬಾಗಿಲು ತಟ್ಟಲ್ಲ."

"ಅಷ್ಟೇನಾ? ನನಗೆ ಅಷ್ಟೇ ಅಲ್ಲ ಅನ್ಸುತ್ತೆ," ಎಂದಳು. ಬೇರೆ ಏನೆಂದು ಅವಳಿಗೂ ಗೊತ್ತಿರಲಿಲ್ಲ.

ಮುಂದಿನ ಕೌದಿ ನಮ್ಮ ಮನೆಯಲ್ಲೇ. ಹೊಸ ಕಾದಂಬರಿ. ಹುಡುಗಿ ಹಿಮದಲ್ಲಿ ಬಿದ್ದಳು, ಹೆಂಗಸರು ಕರವಸ್ತ್ರಕ್ಕೆ ಕೈ ಹಾಕಿದರು. ಲೊವೀಸಾ ಅದೇ ದನಿಯಲ್ಲಿ ಓದುತ್ತ ಹೋದಳು. ಹುಡುಗಿ ಎದ್ದು ಕೂತಳು. ತಣ್ಣಗಾಗಿತ್ತು, ಹಸಿವಾಗಿತ್ತು. ದೂರದಲ್ಲಿ ದೀಪ ಕಂಡಿತು. ಅಲ್ಲಿದ್ದ ವಿಧವೆಗೆ ಹೆಬ್ಬಾತು ನೋಡಿಕೊಳ್ಳಲು ಜನ ಬೇಕಾಗಿತ್ತು. ನಾನು ಅವಳ ಕೈ ನೋಡಿದೆ. ಓದು ಎಷ್ಟು ಮುಂದೆ ಹೋದರೂ ಹಾಳೆ ತಿರುಗುತ್ತಿರಲಿಲ್ಲ.

ಅಲ್ಲಿಂದ ನಮ್ಮ ಬೀದಿಯಲ್ಲಿ ಕಾದಂಬರಿಯ ಹುಡುಗಿಯರು ಸಾಯುವುದು ನಿಂತಿತು. ಒಬ್ಬಳು ಹಡಗಿನವರಿಗೆ ಬಿಸ್ಕತ್ತು ಸುಡುವ ಒಲೆ ಹಾಕಿದಳು. ಇನ್ನೊಬ್ಬಳು ಫಿಲಡೆಲ್ಫಿಯಾದಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಹೆಂಗಸರು ಅಳುವುದು ಕಡಿಮೆಯಾಗಿ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಚಳಿಗಾಲದಲ್ಲಿ ಹೆಬ್ಬಾತಿಗೆ ಏನು ಹಾಕುತ್ತಿದ್ದಳು, ಒಲೆಗೆ ಸೌದೆ ಯಾರು ತರುತ್ತಿದ್ದರು. ಲೊವೀಸಾ ಪುಸ್ತಕ ನೋಡುವಂತೆ ಮಾಡಿ ಉತ್ತರ ಹೇಳುತ್ತಿದ್ದಳು. ಏನೂ ಕೇಳದಿದ್ದವಳು ಒಬ್ಬಳೇ, ಹಗ್ಗ ಹೊಸೆಯುವ ಟಾರ್ಬಾಕ್ಸನ ಮಗಳು ಮೈಂಡ್‌ವೆಲ್. ನಮ್ಮಲ್ಲೆಲ್ಲ ಸಣ್ಣ ಹೊಲಿಗೆ ಅವಳದು, ತಲೆಯೆತ್ತುತ್ತಲೇ ಇರಲಿಲ್ಲ.

ನಾಯ್ಸಮ್ಮನವರು ಜ್ವರದಲ್ಲಿ ಮಲಗಿದ್ದಾಗ ಹೊತ್ತು ಹೋಗಲೆಂದು ಹೆಬ್ಬಾತಿನ ಪುಸ್ತಕ ತರಿಸಿಕೊಂಡರು. ಎದ್ದ ಕೂಡಲೇ ನೆಟ್ಟಗೆ ನಮ್ಮ ಟೋಪಿ ಅಂಗಡಿಗೆ ಬಂದರು.

"ಇದರಲ್ಲಿ ಹೆಬ್ಬಾತೇ ಇಲ್ಲ."

"ಇಲ್ಲ," ಎಂದಳು ಲೊವೀಸಾ.

"ಅವಳು ಹಿಮದಲ್ಲೇ ಸತ್ತಿದ್ದಾಳೆ. ನೀನು ನಮಗೆಲ್ಲ ಸುಳ್ಳು ಓದಿದ್ದೀಯ."

"ನಿಮಗೆ ಯಾವುದು ಇಷ್ಟ ಆಯ್ತು, ಅದಾ ಇದಾ?"

ನಾಯ್ಸಮ್ಮ ಪುಸ್ತಕವನ್ನು ಟೋಪಿಗಳ ನಡುವೆ ಇಟ್ಟರು. "ಮಾತು ಅದಲ್ಲ. ಜಾರಿದೋಳಿಗೆ ಹೆಬ್ಬಾತು ಕೊಟ್ಟು ಕೂರಿಸಿದ್ರೆ ನಮ್ಮ ಹುಡುಗೀರು ಏನು ಕಲೀತಾರೆ?"

"ಹೆಬ್ಬಾತು ಸಾಕೋದು."

"ನಗ್ಬೇಡ. ಬರೆದ ದೊಡ್ಡೋರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ?"

ಲೊವೀಸಾಳ ಬಾಯಿ ತುದಿಗೆ ಆಕ್ಸಾಳ ಹೆಸರು ಬಂದದ್ದು ನನಗೆ ಕಂಡಿತು. ಅವಳು ಅದನ್ನು ನುಂಗಿಕೊಂಡಳು. ಆ ವಾರದಿಂದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಪಾದ್ರಿಗಳ ತಂಗಿ ಕೂತರು, ಲೊವೀಸಾಳ ಕೈಗೆ ಸೂಜಿ ಬಂತು. ಅವಳ ಹೊಲಿಗೆಯನ್ನು ನಾನು ಮನೆಗೆ ತಂದು ಬಿಚ್ಚಬೇಕಾಗುತ್ತಿತ್ತು.

ಎಲೆ ಉದುರುವ ಕಾಲಕ್ಕೆ ಮೈಂಡ್‌ವೆಲ್ ಅಂಗಡಿಗೆ ಬಂದಳು. ಟೋಪಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು, ಯಾವುದನ್ನೂ ತಲೆಗಿಟ್ಟುಕೊಳ್ಳಲಿಲ್ಲ.

"ಲೊವೀಸಕ್ಕ, ಆ ಹೆಬ್ಬಾತಿನ ಹುಡುಗಿ..."

"ಅವಳು ಸತ್ತಳಂತೆ. ನಾಯ್ಸಮ್ಮ ಹೇಳಿರಬೇಕಲ್ಲ."

"ಹೇಳಿದ್ರು. ಅಲ್ಲ, ನೀವು ಓದಿದ್ದರಲ್ಲಿ. ಮಗು ಹುಟ್ಟೋ ತನಕ ಎಲ್ಲಿದ್ದಳು ಅಂತ ಬರಲಿಲ್ಲ."

ಲೊವೀಸಾ ಹೆಣೆಯುತ್ತಿದ್ದ ಹುಲ್ಲನ್ನು ಕೆಳಗಿಟ್ಟಳು. "ಅದು ನನಗೆ ಹೊಳೀಲಿಲ್ಲ ಕಣೆ. ಬಿಟ್ಟುಬಿಟ್ಟೆ."

"ಅದೇ ನನಗೆ ಬೇಕಾಗಿತ್ತು," ಎಂದಳು ಮೈಂಡ್‌ವೆಲ್.

ನಾನು ಎದ್ದು ಬಾಗಿಲು ಹಾಕಿದೆ. ಅವಳ ಹೊಟ್ಟೆಯಲ್ಲಿದ್ದ ಮಗುವಿನ ತಂದೆ ವೆಸ್ಟ್ ಇಂಡೀಸಿಗೆ ಹೋಗಿಬರುವ ಹಡಗಿನ ಸಹಾಯಕ ಕಪ್ತಾನ. ಬಂದ ಮೇಲೆ ಮದುವೆ ಎಂದಿದ್ದ, ಬಂದ ಮೇಲೆ ಹಗ್ಗದವರ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಓಡಾಡಿದ. ನದಿಯ ಕಟ್ಟೆಯ ಮೇಲೆ ಒಂದು ಸಂಜೆ ಬಹಳ ಹೊತ್ತು ನಿಂತಿದ್ದೆ, ಆಮೇಲೆ ಇದೊಂದು ಕೇಳಿಬಿಡೋಣ ಅನ್ನಿಸಿತು ಎಂದಳು ಮೈಂಡ್‌ವೆಲ್.

"ಇದು ಗೊತ್ತಿರೋರು ಒಬ್ರಿದ್ದಾರೆ," ಎಂದಳು ಲೊವೀಸಾ.

ನಾವು ರೇನ್ಸ್‌ಫೋರ್ಡಿಗೆ ಕರೆದುಕೊಂಡು ಹೋದಾಗ ಆಕ್ಸಾ ಮೈಂಡ್‌ವೆಲ್‌ಳನ್ನು ಮೇಲಿಂದ ಕೆಳಗೆ ನೋಡಿ, ನಮ್ಮನ್ನು ಏನೂ ಕೇಳದೆ, ಅವಳ ಗಂಟನ್ನು ತೆಗೆದುಕೊಂಡು ಒಳಗಿಟ್ಟಳು. ಚಳಿಗಾಲದಲ್ಲಿ ಅಲ್ಲೇ ಗಂಡು ಮಗುವಾಯಿತು. ಸೂಲಗಿತ್ತಿ ಕೇಳಿದಳು, ಮೈಂಡ್‌ವೆಲ್ ಹೆಸರು ಹೇಳಿದಳು. ಈ ಸಲ ಕರೆ ಹೋದಾಗ ಆಸಾಮಿ ಬಂದರಿನಲ್ಲೇ ಸಿಕ್ಕಿದ. ಮಗುವನ್ನು ಸಾಕುವ ಖರ್ಚಿಗೆ ಅವನಿಂದ ರುಜು ಹಾಕಿಸಿಕೊಂಡರು. ಅವನು ಮದುವೆಯಾಗುತ್ತೇನೆ ಎನ್ನಲಿಲ್ಲ, ಅವಳೂ ಕೇಳಲಿಲ್ಲ.

ವಸಂತದಲ್ಲಿ ಅವಳು ಮಗುವಿನೊಡನೆ ಊರಿಗೆ ಬಂದಾಗ, ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತೀಯಾ ಎಂದು ಪಾದ್ರಿಗಳು ಕೇಳಿದರು.

"ಅವನೂ ಪಕ್ಕದಲ್ಲಿ ನಿಂತರೆ ನಿಲ್ತೀನಿ," ಎಂದಳು.

ಅವನು ನಿಲ್ಲಲಿಲ್ಲ, ಇವಳೂ ನಿಲ್ಲಲಿಲ್ಲ. ಎಷ್ಟೋ ವರ್ಷ ಅವಳನ್ನು ಚರ್ಚಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಮೊದಮೊದಲು ಕೌದಿಗೂ ಕರೆಯಲಿಲ್ಲ. ನಾಯ್ಸಮ್ಮನ ಮಗಳ ಮದುವೆಯ ಕೌದಿಗೆ ಸಣ್ಣ ಹೊಲಿಗೆ ಬೇಕಾದಾಗ ಕರೆದರು. ಮೈಂಡ್‌ವೆಲ್ ಮಗುವನ್ನು ಎತ್ತಿಕೊಂಡೇ ಹೋದಳು.

ಮರುವರ್ಷ ಹೊನೋರಾಳ ಪುಸ್ತಕ ಬರೆದ ಆ ಜಡ್ಜ್ ನಮ್ಮ ಊರಿಗೆ ವಿಚಾರಣೆಗೆ ಬಂದ. ಲೊವೀಸಾ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದಳು. ಯಾರದೋ ಬೇಲಿ ದಾಟಿದ ಹಸುವಿನ ವ್ಯಾಜ್ಯ. ಮಧ್ಯಾಹ್ನ ಮನೆಗೆ ಬಂದವಳ ಮುಖದಲ್ಲಿ ಗೆಲುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಹೇಗಿದ್ದಾನೆ?" ಎಂದೆ.

"ಕೂದಲು ಉದುರಿದೆ, ನೆಗಡಿಯಾಗಿದೆ. ಹಸುವಿನ ವಿಷಯದಲ್ಲಿ ನ್ಯಾಯವಾಗೇ ಹೇಳಿದ ಅತ್ತಿಗೆ."

"ಮಾತಾಡಿಸಿದೆಯಾ?"

"ಮೆಟ್ಟಿಲ ಹತ್ತಿರ ನಿಲ್ಲಿಸಿ, ರೇನ್ಸ್‌ಫೋರ್ಡಿನ ಆಕ್ಸಾ ರಡ್ ಚೆನ್ನಾಗಿದ್ದಾರೆ ಅಂದೆ. ಬಿಳಿಚಿಕೊಂಡ. ಆಮೇಲೆ ದನಿ ತಗ್ಗಿಸಿ ಕೇಳಿದ, 'ಅವಳು ಪುಸ್ತಕ ಓದಿದ್ದಾಳಾ?' ಅಂತ. ಓದಿದ್ದಾರೆ ಅಂದೆ. 'ಅತ್ತಳಾ?' ಅಂದ."

"ನೀನೇನಂದೆ?"

"ಏನೂ ಇಲ್ಲ. ಮಗಳ ವಿಷಯ ಕೇಳ್ತಾನೇನೋ ಅಂತ ಕಾಯ್ತಾ ನಿಂತಿದ್ದೆ. ಗಾಡಿ ಬಂತು, ಹತ್ತಿ ಹೋದ."

ಲೊವೀಸಾ ಅರವತ್ತೈದರ ತನಕ ಬದುಕಿದ್ದಳು, ಕೊನೆಯವರೆಗೂ ಟೋಪಿ ಹೆಣೆದಳು. ಕಿಟಕಿ ಪಕ್ಕದ ಕುರ್ಚಿಗೆ ಅವಳನ್ನು ಮತ್ತೆ ಕರೆಯಲಿಲ್ಲ. ಆದರೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬೀದಿಯ ಹುಡುಗಿಯರು ಒಬ್ಬೊಬ್ಬರಾಗಿ ಪುಸ್ತಕ ಹಿಡಿದುಕೊಂಡು ಬರುತ್ತಿದ್ದರು. ಅವರಿಗೆಲ್ಲ ಓದಲು ಬರುತ್ತಿತ್ತು. ಆದರೂ ಕೊನೆಯ ಅಧ್ಯಾಯವನ್ನು ನೀವೇ ಓದಿ ಹೇಳಿ ಲೊವೀಸಕ್ಕ ಎನ್ನುತ್ತಿದ್ದರು.