ಮೊದಲು ನೀರು, ಆಮೇಲೆ ಎಣ್ಣೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೊನ್ನಾವರದಿಂದ ಅಪ್ಸರಕೊಂಡದ ಕಡೆಗೆ ಹೋಗುವ ದಾರಿಯಲ್ಲಿ, ಗಾಳಿಮರಗಳ ತೋಪಿನ ಹಿಂದೆ, ಗತಿಯಿಲ್ಲದ ಹೆಂಗಸರಿಗಾಗಿ ಇರುವ ಆಶ್ರಯಧಾಮದ ಜಗಲಿಯಲ್ಲಿ ಗಂಗಿ ಸಿದ್ದಿ ಚಾಪೆ ಹಾಸುತ್ತಿದ್ದಾರೆ. ಪಕ್ಕದಲ್ಲಿ ಬೆಚ್ಚಗಿನ ನೀರಿನ ತಂಬಿಗೆ, ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆ ಲೋಳೆ ಗಂಪು, ಬಟ್ಟಲಲ್ಲಿ ತೆಂಗಿನೆಣ್ಣೆ. ಒಳಗಿನಿಂದ ಒಬ್ಬ ಹೆಂಗಸು ಬಂದು, ಯಾರೂ ಹೇಳದೆಯೇ, ಅವರಿಗೆ ಬೆನ್ನು ಹಾಕಿ ಕೂರುತ್ತಾಳೆ. ಆಕೆ ಮಾತಾಡುವವಳಲ್ಲ. ಶುಕ್ರವಾರ ಬಂದವಳೆಂದು ಶುಕ್ರಿ ಅಂತ ಕರೆಯುತ್ತಾರೆ, ಅಷ್ಟೆ.

ಗಂಗಿಯ ಒದ್ದೆ ಬೆರಳುಗಳು ಶುಕ್ರಿಯ ಸುರುಳಿ ಸುರುಳಿ ಕೂದಲಿನೊಳಗೆ ಇಳಿಯುತ್ತವೆ. ಅದೇ ಹೊತ್ತಿಗೆ ಶುಕ್ರಿಯ ಎರಡೂ ಕೈಗಳು ಮೇಲೇಳುತ್ತವೆ. ತನ್ನೆದುರಿನ ಖಾಲಿ ಜಾಗದಲ್ಲಿ, ಎದೆಗಿಂತ ತುಸು ಕೆಳಗೆ, ಆ ಕೈಗಳು ಬೈತಲೆ ತೆಗೆಯುತ್ತವೆ, ಎಳೆ ಬಿಡಿಸುತ್ತವೆ, ಎರಡೆರಡು ಎಳೆ ಸೇರಿಸಿ ಬತ್ತಿ ಹೊಸೆದ ಹಾಗೆ ಹೊಸೆಯುತ್ತವೆ. ನಡುವೆ ಒಮ್ಮೆ ತಟ್ಟನೆ ನಿಲ್ಲುತ್ತವೆ, ನೋವಾಯಿತೇನೋ ಎಂಬಂತೆ. ಮತ್ತೆ ಮೆತ್ತಗೆ ಶುರುವಾಗುತ್ತವೆ.

"ಸಣ್ಣ ಮಗು ಕೂತ್ರೆ ತಲೆ ಎಲ್ಲಿಗೆ ಬರ್ತದೆ, ಸರಿಯಾಗಿ ಅಲ್ಲೇ," ಎನ್ನುತ್ತಾರೆ ಗಂಗಿ. "ಮೊದಲ ದಿನ ನಾನು ಹಣಕಿ ನೋಡ್ದೆ. ಯಾರೂ ಇರ್ಲಿಲ್ಲ."

ಇದು ಹೋದ ವರ್ಷ ಮಳೆಗಾಲ ಮುಗಿದ ಮೇಲಿನ ಮಾತು. ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಹೆಂಗಸನ್ನು ಪೊಲೀಸರು ತಂದು ಬಿಟ್ಟಾಗ, ಆಕೆಯ ತಲೆ ತಲೆಯಾಗಿರಲಿಲ್ಲ. ಉಪ್ಪುಗಾಳಿ, ಧೂಳು, ಬೆವರು ಎಲ್ಲ ಸೇರಿ ಕೂದಲು ಒಂದೇ ಹಲಗೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಡುಗೆಯ ಮಹಾಲಕ್ಷ್ಮೀ ದೂರದಿಂದಲೇ ಕೈ ಮುಗಿದು, "ಇದು ದೇವಿಯ ಜಡೆ, ಮುಟ್ಟಬೇಡಿ" ಎಂದಳು. ಮೇಲ್ವಿಚಾರಕಿ ಶ್ರೀಮತಿ ಮೇಡಂ ನೆತ್ತಿಯ ಹುಣ್ಣು ನೋಡಿ, ಬೋಳಿಸುವುದೇ ವಾಸಿ ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಹುಣ್ಣಿಗೆ ಮದ್ದು ಹಚ್ಚಬೇಕಲ್ಲ. ಆದರೆ ಕತ್ತರಿ ತರಲು ಎದ್ದವರ ಕೈಯನ್ನು ಗಂಗಿ ಹಿಡಿದುಕೊಂಡರು.

"ಮೇಡಂ, ಸ್ವಲ್ಪ ದಿನ ನನ್ನ ಕೈಗೆ ಕೊಡಿ. ಆಗದೇ ಹೋದ್ರೆ ನಾನೇ ಬೋಳಿಸ್ತೆ."

ಹಾಗೆ ಹೇಳಲು ಕಾರಣವಿತ್ತು. ಗಂಗಿ ಹುಟ್ಟಿದ್ದು ಯಲ್ಲಾಪುರದ ಕಾಡಂಚಿನ ಸಿದ್ದಿಯರ ಕೇರಿಯಲ್ಲಿ. ಓದಲೆಂದು ಕುಮಟೆಯ ಒಂದು ಹಾಸ್ಟೆಲಿಗೆ ಬಂದಾಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಉಳಿದ ಹುಡುಗಿಯರ ಜಡೆಗೆ ಓಡುತ್ತಿದ್ದ ಸಣ್ಣಹಲ್ಲಿನ ಬಾಚಣಿಗೆ ಅವರ ತಲೆಯಲ್ಲಿ ಮುರಿಯುತ್ತಿತ್ತು. ಒಣಕೂದಲಿಗೆ ಎಣ್ಣೆ ಸುರಿದು ಎಳೆದೆಳೆದು ಸಾಕಾದ ಆಯಾ ಒಂದು ದಿನ ಹಿತ್ತಲಲ್ಲಿ ಕೂರಿಸಿ ಬೋಳಿಸಿಬಿಟ್ಟಳು. "ಊರಿಗೆ ಹೋದಾಗ ಅವ್ವ ನನ್ನ ಗುರ್ತೇ ಹಿಡೀಲಿಲ್ಲ. ಬಾಗಿಲಲ್ಲಿ ನಿಂತು, ಯಾರ ಮನೆ ಗಂಡುಹುಡುಗ ನೀನು ಅಂತ ಕೇಳಿದ್ಲು," ಎಂದು ಗಂಗಿ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಈ ಕೂದಲಿನ ಗುಟ್ಟು ಅವರಿಗೆ ತಿಳಿದದ್ದು ತಡವಾಗಿ, ಅದೂ ಕುಮಟೆಯಲ್ಲಿ ನರ್ಸಿಂಗ್ ಓದುವ ತಂಗಿಯ ಮಗಳು ದಿವ್ಯಶ್ರೀಯಿಂದ. ಅವಳು ಮೊಬೈಲಿನಲ್ಲಿ ನೋಡಿ ತನ್ನ ತಲೆಯ ಮೇಲೇ ಪ್ರಯೋಗ ಮಾಡಿದವಳು. ಸುರುಳಿ ಬಿಗಿಯಾದಷ್ಟೂ ನೆತ್ತಿಯ ಜಿಡ್ಡು ತುದಿಗೆ ಇಳಿಯುವುದಿಲ್ಲ. ಅದಕ್ಕೇ ಒಣಗುತ್ತದೆ, ಒಣಗಿದ್ದಕ್ಕೇ ಮುರಿಯುತ್ತದೆ. ಗಂಗಿ ಅದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: "ಎಣ್ಣೆ ಅಂದ್ರೆ ಬಾಗಿಲು. ಒಳಗೆ ನೀರೇ ಇಲ್ದೆ ಬಾಗಿಲು ಹಾಕಿದ್ರೆ ಎಂತ ಬಂತು? ಮೊದಲು ನೀರು, ಆಮೇಲೆ ಗಂಪು. ಒದ್ದೆ ಇದ್ದಾಗ್ಲೇ ಎಣ್ಣೆ. ಬಾಚಣಿಗೆ ಕಡೇಗೆ, ಅದೂ ತುದಿಯಿಂದ ಮೇಲಕ್ಕೆ. ಮಲಗೂವಾಗ ಹಳೇ ಸೀರೆ ತುಂಡು ಕಟ್ಟೂದು. ದಿಂಬು ಇದ್ದ ನೀರನ್ನೆಲ್ಲ ಕುಡಿದುಬಿಡ್ತದೆ."

ಧಾಮದಲ್ಲಿ ಅವರ ಕೆಲಸದ ಹೆಸರು ಆಯಾ. ಹಾಸಿಗೆ ಒಗೆಯುವುದು, ಕೈಲಾಗದವರಿಗೆ ಉಣಿಸುವುದು, ಇಡೀ ಮನೆಯ ತಲೆಗಳನ್ನು ನೋಡಿಕೊಳ್ಳುವುದು. ಎಲ್ಲರಿಗಿಂತ ಮೊದಲು ಶುಕ್ರಿಯ ಸರದಿ. ಹಲಗೆಯಂತಿದ್ದ ಕೂದಲು ದಿನಕ್ಕೊಂದು ಬೆರಳಗಲದಷ್ಟು ಬಿಡುತ್ತಾ ಬಂತು. ಬಿಡದ ಕಡೆ ಮಾತ್ರ ಕತ್ತರಿ ಆಡಿತು. ನೆತ್ತಿಯ ಹುಣ್ಣು ಡಾಕ್ಟರರ ಮುಲಾಮಿಗೆ ಒಣಗಿತು. ಗಾಳಿಯ ಕೈಗೆ ಸಿಗಬಾರದೆಂದು ಉದುರಿದ ಕೂದಲನ್ನು ಗಂಗಿ ದಾಸವಾಳದ ಬುಡದಲ್ಲಿ ಹುಗಿದರು.

ಕೂದಲಿನ ಸಿಕ್ಕು ಬಿಟ್ಟಿತು, ಧಾಮದವರ ಭಯ ಬಿಡಲಿಲ್ಲ.

ಒಂದು ಬೆಳಿಗ್ಗೆ ಶುಕ್ರಿ ಹಿಂದಕ್ಕೆ ಕೈ ಚಾಚಿದಳು. ಎಣ್ಣೆ ಕೇಳುತ್ತಿದ್ದಾಳೆಂದು ಗಂಗಿ ಅಂಗೈ ತುಂಬ ಸುರಿದರು. ಆಕೆ ಅದನ್ನು ಉಜ್ಜಿ, ಎದುರಿನ ಗಾಳಿಗೆ ಹಚ್ಚಿದಳು. ಎಲ್ಲ ಮುಗಿದು ಆಕೆ ಏಳುವಾಗ ಗಂಗಿ ಚಾಪೆ ಮುಟ್ಟಿ ನೋಡಿದರು. ಒಂದು ಹನಿಯೂ ಇರಲಿಲ್ಲ. ಶುಕ್ರಿಯ ಅಂಗೈ ಹಿಡಿದು ನೋಡಿದರೆ ಅದೂ ಒಣಗಿತ್ತು.

"ಮೈ ಹೀರಿಕೊಂಡಿರ್ಬೇಕು, ಒಣಗಿದ ಮೈ ಅಲ್ದಾ ಅಂತ ನನಗೆ ನಾನೇ ಹೇಳ್ಕೊಂಡೆ," ಎನ್ನುವ ಗಂಗಿ, ಇನ್ನೊಂದು ದಿನ ತಡೆಯಲಾರದೆ ಆ ಖಾಲಿ ಜಾಗಕ್ಕೆ ತಾವೇ ಕೈ ಹಾಕಿದರು. "ಎಂತದೂ ತಾಗ್ಲಿಲ್ಲ. ಆದ್ರೆ ಶುಕ್ರಿ ನನ್ನ ಕೈ ಹಿಡ್ದು ಬದಿಗಿಟ್ಲು. ಸಿಟ್ಟಿಂದಲ್ಲ. ಮಗುವಿನ ಕಣ್ಣಿಗೆ ಎಣ್ಣೆ ಹೋಗ್ತದೆ ಮಾರಾಯ್ತಿ, ಅನ್ನೋ ಹಾಗೆ."

ಅಷ್ಟರಲ್ಲಿ ಧಾಮದ ಹೆಂಗಸರೆಲ್ಲ ಚಾಪೆಯ ಆ ತುದಿಯನ್ನು ದಾಟುವುದು ಬಿಟ್ಟು ಸುತ್ತು ಹಾಕಿ ಓಡಾಡತೊಡಗಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಶುಕ್ರಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಲು ಯಾರೂ ಒಪ್ಪಲಿಲ್ಲ. ಮಹಾಲಕ್ಷ್ಮೀ, "ಆ ಮಗುವನ್ನು ಕಳಿಸದಿದ್ದರೆ ನಾನು ಕೆಲಸಕ್ಕೆ ಬರೂದಿಲ್ಲ" ಎಂದು ಕೂತಳು. ಕೊನೆಗೆ ಶ್ರೀಮತಿ ಮೇಡಂ ಗಂಗಿಯನ್ನು ಕರೆದು, ಸಂಕ್ರಾಂತಿ ಕಳೆದ ಮೇಲೆ ಶುಕ್ರಿಯನ್ನು ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸುವುದಾಗಿ ಹೇಳಿದರು. "ಅಲ್ಲಿ ಇವಳ ತಲೆಗೆ ಇಷ್ಟು ಹೊತ್ತು ಕೊಡುವವರು ಇರಲಿಕ್ಕಿಲ್ಲ ಗಂಗಿ. ಕೂದಲು ತೆಗೆದೇ ಕಳಿಸಬೇಕಾಗ್ತದೆ."

ಗಂಗಿ ಆ ದಿನ ಊಟ ಮಾಡಲಿಲ್ಲ. ಈ ಹೆಂಗಸು ಎಲ್ಲಿಯವಳೆಂದು ಕೇಳಿ ಕೇಳಿ ಸೋತಿದ್ದರು. ಮುಖ, ಕೂದಲು ನೋಡಿದವರೆಲ್ಲ "ನಿಮ್ಮ ಪೈಕಿಯವಳೇ" ಎಂದಿದ್ದರು. ಸಿದ್ದಿಯರು ಮನೆಯಲ್ಲಾಡುವ ಕೊಂಕಣಿಯಲ್ಲಿ ಮಾತಾಡಿಸಿದರೂ ಶುಕ್ರಿ ತಿರುಗಿರಲಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕೇರಿಗಳಿಗೆ ಫೋಟೋ ಹೋಗಿ, ನಮ್ಮವಳಲ್ಲ ಎಂಬ ಉತ್ತರ ಬಂದಿತ್ತು.

ಮಾತು ಬಂದದ್ದು ಒಂದು ಸಿಕ್ಕಿನಿಂದ. ಗಂಗಿ ಎಂದಿನಂತೆ ಬಿಡಿಸುತ್ತಿದ್ದಾಗ ಶುಕ್ರಿಯ ಕೈಗಳು ಗಾಳಿಯಲ್ಲಿ ಗಕ್ಕನೆ ನಿಂತವು. ಬೆರಳು ಯಾವುದರಲ್ಲೋ ಸಿಕ್ಕಿಹಾಕಿಕೊಂಡ ಹಾಗೆ ಜಗ್ಗಿದವು. ಆಕೆ ಬಗ್ಗಿ, ಎದುರಿನ ಇಲ್ಲದ ಕಿವಿಯ ಹತ್ತಿರ, ತೀರಾ ಮೆಲ್ಲಗೆ ಹೇಳಿದಳು: "ಗೂಂಚ್."

 ಗಂಗಿ ಆ ಮಾತನ್ನು ಬಾಯಲ್ಲೇ ಹಿಡಿದುಕೊಂಡು ಅಡುಗೆಮನೆಗೆ ಓಡಿದರು. ಮಹಾಲಕ್ಷ್ಮೀಯ ಗಂಡ, ಮಾವಳ್ಳಿಯ ಸುಬ್ಬ, ಹೆಂಡತಿಯನ್ನು ಬೈಕಿನಲ್ಲಿ ಬಿಟ್ಟು ಹೊರಟಿದ್ದ. ಈಗ ಭಟ್ಕಳದ ದೋಣಿಗಳಲ್ಲಿ ದುಡಿಯುವ ಆತ ಹಿಂದೆ ಕೆಲವು ವರ್ಷ ಗುಜರಾತಿನ ವೆರಾವಲ್ ಬಂದರಿನಲ್ಲಿ ಇದ್ದವನು.

"ಗೂಂಚಾ? ಅದು ಅಲ್ಲೀ ಮಾತು," ಎಂದ ಸುಬ್ಬ. "ಬಲೆ ಸಿಕ್ಕಾದ್ರೆ ಹಾಗೆ ಹೇಳೂದು. ಯಾರಿಗೆ ಎಂತ ಸಿಕ್ಕಾತು?"

ಗುಜರಾತಿನಲ್ಲೂ ಸಿದ್ದಿಯರಿದ್ದಾರೆಂದು ಗಂಗಿಗೆ ಗೊತ್ತಾದದ್ದು ಆವತ್ತೇ. ಸುಬ್ಬ ತನ್ನ ಹಳೆಯ ಗೆಳೆಯನೊಬ್ಬನಿಗೆ ಶುಕ್ರಿಯ ಫೋಟೋ ಕಳಿಸಿದ. ಕೂದಲು ಬಿಡಿಸಿ, ಹೊಸೆದು, ಮುಖ ಕಾಣುವಂತೆ ಕಟ್ಟಿದ ಮೇಲಿನ ಫೋಟೋ. ಅದು ಫೋನಿನಿಂದ ಫೋನಿಗೆ ದಾಟಿ ಒಂದು ಮನೆ ಮುಟ್ಟಿತು. ಆಕೆಯ ಹೆಸರು ಹನೀಫಾ. ಗಂಡ ಸಮುದ್ರದಲ್ಲಿ ತೀರಿಕೊಂಡ ಮೇಲೆ ಮನಸ್ಸು ಕದಡಿ, ಒಂದು ಬೆಳಿಗ್ಗೆ ಮಗಳ ತಲೆ ಬಾಚುತ್ತಿದ್ದವಳು ಅರ್ಧಕ್ಕೇ ಎದ್ದು ಹೋಗಿದ್ದಳಂತೆ. ಮಗಳಿಗೆ ಆಗ ಆರು ವರ್ಷ.

ಪೊಲೀಸರ ವಿಚಾರಣೆ ಮುಗಿದು, ಸಂಕ್ರಾಂತಿಗೆ ಮೊದಲೇ ಹನೀಫಾಳ ಅಣ್ಣ ಬಂದ. ಜೊತೆಗೆ ಮಗಳು ಸುಹಾನಾ. ಅವಳೀಗ ಹದಿನಾರರ ಹುಡುಗಿ, ತಾಯಿಗಿಂತ ಎತ್ತರ. ಅಮ್ಮ ಅವಳನ್ನು ನೋಡಿದಳು, ಗೋಡೆ ನೋಡಿದ ಹಾಗೆ.

ಮಾರನೇ ದಿನ ನಸುಕಿನಲ್ಲಿ ಗಂಗಿ ಚಾಪೆ ಹಾಸಿದರು. ಹನೀಫಾ ಬಂದು ಕೂತಳು. ಸುಹಾನಾ ತಾನಾಗಿಯೇ ಹೋಗಿ ಅಮ್ಮನ ಮುಂದೆ, ಎಲ್ಲರೂ ಸುತ್ತು ಹಾಕುತ್ತಿದ್ದ ಆ ಜಾಗದಲ್ಲಿ ಕೂತಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಮಹಾಲಕ್ಷ್ಮೀ ಸೆರಗು ಬಾಯಿಗೆ ಒತ್ತಿಕೊಂಡಳು. ಹನೀಫಾಳ ಕೈಗಳು ಎದ್ದವು. ಆದರೆ ಹಳೆಯ ಎತ್ತರಕ್ಕೇ. ಹುಡುಗಿಯ ಬೆನ್ನ ನಡುವೆ, ಅಂಗಿಯ ಮೇಲೆ, ಆ ಕೈಗಳು ಬೈತಲೆ ಹುಡುಕಿದವು. ಸುಹಾನಾ ಅಲುಗದೆ ಕೂತು ಅಳುತ್ತಿದ್ದಳು. ಅವಳ ತಲೆ ಮೇಲೆ ಇತ್ತು, ಅಮ್ಮನ ಮಗಳು ಕೆಳಗೆ ಇದ್ದಳು.

ಗಂಗಿಗೆ ಗುಜರಾತಿ ಬಾರದು, ಹುಡುಗಿಗೆ ಕನ್ನಡ ಬಾರದು. ಗಂಗಿ ಎದ್ದು ಬಂದು ಅವಳ ಭುಜ ಹಿಡಿದು ಮೆಲ್ಲಗೆ ಕೆಳಗೆ ಒತ್ತಿದರು. "ಇಳಿ ಮಗಾ. ಇನ್ನೂ ಇಳಿ." ಸುಹಾನಾ ಜಾರಿ, ಅಮ್ಮನ ತೊಡೆಗೆ ತಲೆ ಕೊಟ್ಟು ಮಲಗಿದಳು.

ಹನೀಫಾಳ ಬೆರಳುಗಳು ಕೂದಲಿಗೆ ತಾಗಿದವು. ತಾಗಿದ್ದೇ, ಬೆಂಕಿ ಮುಟ್ಟಿದಂತೆ ಹಿಂದೆ ಸರಿದವು. ಎರಡು ದಿನದ ರೈಲಿನ ಧೂಳು ಕುಡಿದ, ರಬ್ಬರಿನಲ್ಲಿ ಬಿಗಿದು ಕಟ್ಟಿದ, ತೆಂಗಿನ ನಾರಿನಂಥ ಒಣ ಕೂದಲು. ಆಕೆ ಅದನ್ನೇ ನೋಡಿದಳು, ಬಹಳ ಹೊತ್ತು. ಗಂಗಿ ಎಣ್ಣೆಯ ಬಟ್ಟಲು ಮುಂದೆ ಮಾಡಿದರು. ಆಕೆ ತಲೆ ಅಲ್ಲಾಡಿಸಿದಳು.

"ಪಾಣೀ," ಎಂದಳು.

ನೀರು. ಗಂಗಿ ತಂಬಿಗೆ ಎತ್ತಿ ಕೊಟ್ಟರು.

ಮೂರನೇ ದಿನ ಅವರು ರೈಲು ಹತ್ತಿದರು. ಹನೀಫಾ ಪೂರ್ತಿ ಸರಿಹೋದಳೆಂದು ಯಾರೂ ಹೇಳುವುದಿಲ್ಲ. ಮಗಳ ಹೆಸರು ಹಿಡಿದು ಕರೆಯುವುದಿಲ್ಲವಂತೆ, ಆದರೆ ಬೆಳಗಾದರೆ ಅವಳನ್ನು ಹುಡುಕಿಕೊಂಡು ಬರುತ್ತಾಳಂತೆ. ಸುಹಾನಾ ಒಮ್ಮೊಮ್ಮೆ ಹೊಸೆದ ಕೂದಲಿನ ಫೋಟೋ ಕಳಿಸುತ್ತಾಳೆ. ಗಂಗಿ ಅದನ್ನು ದೊಡ್ಡದು ಮಾಡಿ, ತುದಿಗಳು ಒಡೆದಿವೆಯೇ ಎಂದು ನೋಡುತ್ತಾರೆ.

ಧಾಮದ ಜಗಲಿಯಲ್ಲಿ ಈಗಲೂ ಅದೇ ಚಾಪೆ. ಬೆಳಗಿನ ಹೊತ್ತು ಬೇರೆ ತಲೆಗಳು ಬಂದು ಕೂರುತ್ತವೆ. ಹೆಂಗಸರು ಆ ತುದಿಯನ್ನು ಈಗಲೂ ದಾಟುವುದಿಲ್ಲ. ಮಗಳು ಬಂದು ಅಮ್ಮನನ್ನು ಊರಿಗೆ ಕರೆದುಕೊಂಡು ಹೋದಳಲ್ಲ, ಇನ್ನು ಯಾಕೆ ಸುತ್ತು ಹಾಕುವುದು ಎಂದರೆ ಗಂಗಿ ತಂಬಿಗೆ ಹತ್ತಿರ ಎಳೆದುಕೊಳ್ಳುತ್ತಾರೆ.

"ಹೋದದ್ದು ಹದಿನಾರರ ದೊಡ್ಡವಳು ಅಲ್ದಾ? ಚಾಪೆ ಮೇಲಿನ ಆ ಸಣ್ಣವಳು ಹೋದ್ಲೋ ಇಲ್ವೋ, ಯಾರು ನೋಡಿದ್ದಾರೆ?" ಎನ್ನುತ್ತಾ ತಂಬಿಗೆಯ ನೀರಿಗೆ ಬೆರಳು ಅದ್ದುತ್ತಾರೆ. "ಇದ್ರೆ ಇರ್ಲಿ. ನಾನು ಇರೂವಷ್ಟು ದಿನ ಈ ಜಗಲಿ ಮೇಲೆ ಯಾರ ತಲೆನೂ ಒಣಗ್ಲಿಕ್ಕೆ ಬಿಡೂದಿಲ್ಲ."