ಎದುರು ಮನೆ ಮಾವನ ಎರಡನೇ ಬ್ಯಾಟರಿ

ಮೊನ್ನೆ ಸ್ಕೂಟರಿನ ಬ್ಯಾಟರಿ ಬದಲಾಯಿಸಲು ಹುಣಸೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ನಮ್ಮ ಎದುರು ಮನೆಯ ಮಾವನ ಲಾರಿಯಲ್ಲೂ ಇದೇ ವಾಸನೆ ಇರುತ್ತಿತ್ತು... ಇಷ್ಟು ವರ್ಷದ ಮೇಲೂ ಮೈ ಉರಿಯಿತು.

ಕಂಪಲಾಪುರದ ಹತ್ತಿರದ ನಮ್ಮೂರಿನಲ್ಲಿ ಇದ್ದದ್ದು ಅವರದೊಂದೇ ಲಾರಿ. ಸಣ್ಣದು, ಹಳೆಯದು. ಶುಂಠಿ ಕೀಳುವ ಕಾಲದಲ್ಲಿ ಹೊಲದಲ್ಲೇ ಕತ್ತಲಾಗುತ್ತಿತ್ತು. ಮೂಟೆ ತುಂಬುವವರಿಗೆ ಕಾಣಲೆಂದು ಮಾವ ಲಾರಿಯ ದೀಪ ಹಾಕಿ ನಿಲ್ಲಿಸುತ್ತಿದ್ದರು. ಆಮೇಲೆ ಬ್ಯಾಟರಿ ಇಳಿದುಹೋಗಿ ಲಾರಿ ಸ್ಟಾರ್ಟ್ ಆಗದೆ ಎಲ್ಲರೂ ಸೇರಿ ತಳ್ಳಬೇಕಾಗುತ್ತಿತ್ತು. ಅದಕ್ಕೇ ಅವರು ಹುಣಸೂರಿಗೆ ಹೋಗಿ, ದೀಪಗಳಿಗೆಂದೇ ಇನ್ನೊಂದು ಬ್ಯಾಟರಿ ಹಾಕಿಸಿಕೊಂಡು ಬಂದರು. ಅಲ್ಲಿಂದ ಮುಂದೆ ಕರೆಂಟು ಹೋದಾಗಲೆಲ್ಲ ಮದುವೆ ಮನೆಗೆ, ಸಾವಿನ ಮನೆಗೆ, ಯಾರು ಕರೆದರೂ ಆ ಲಾರಿ ಹೋಗಿ ನಿಲ್ಲುತ್ತಿತ್ತು.

ಒಂದು ವರ್ಷ ಊರಾಚೆಯ ಮೊಬೈಲ್ ಟವರಿನ ಬ್ಯಾಟರಿಗಳು ಕಳುವಾದವು. ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಊರಿನ ಯಜಮಾನರೊಬ್ಬರು, "ಒಂದು ಲಾರಿಗೆ ಎಲ್ಡು ಬ್ಯಾಟ್ರಿ ಯಾಕ್ರಪ್ಪಾ ಬೇಕು?" ಎಂದರು. ಅಷ್ಟೇ ಸಾಕಾಯಿತು. ನಿಂತಿದ್ದ ಗಂಡಸರು ಮಾವನ ಲಾರಿಗೆ ನುಗ್ಗಿ, ವೈರು ಕತ್ತರಿಸಿ, ಬ್ಯಾಟರಿಯನ್ನು ಕಿತ್ತು ತಂದು ಡೈರಿಯ ಜಗಲಿಯ ಮೇಲಿಟ್ಟರು. ಮಾವ ಬನಿಯನ್ನಿನಲ್ಲೇ ಓಡಿಬಂದರು.

"ಅಂಗಡೀಲಿ ತಂದಿರೋದು ಕಣ್ರಪ್ಪಾ..."

ಅವರ ದೀಪದಲ್ಲಿ ಮೂಟೆ ಹೊಲಿದವರು, ಮದುವೆ ಊಟ ಉಂಡವರು, ಎಲ್ಲ ಅಲ್ಲೇ ಇದ್ದರು. ಎಲ್ಲರೂ ತಮ್ಮ ತಮ್ಮ ಕ್ಯಾನಿನತ್ತ ತಿರುಗಿಕೊಂಡರು. ನಮ್ಮಮ್ಮ ಮಾತ್ರ ಹಾಲಿನ ಕ್ಯಾನನ್ನು ಕೆಳಗಿಟ್ಟು ಯಜಮಾನರ ಎದುರು ನಿಂತಳು.

"ನಿಮ್ಮಪ್ಪಾರ ಗುಣಿ ತೋಡುವಾಗ ಬೆಳಕು ಕೊಟ್ಟಿದ್ದು ಯಾವ ಬ್ಯಾಟ್ರಿ? ಅವತ್ತು ಕಳ್ಳಮಾಲು ಆಗಿರ್ನಿಲ್ವಾ?"

"ಎಂಗಸ್ರಿಗ್ಯಾಕಮ್ಮ ಈ ಮಾತು? ನಡಿ, ನಡಿ."

ಮಧ್ಯಾಹ್ನದ ಹೊತ್ತಿಗೆ ಮಾವ ಹುಣಸೂರಿನಿಂದ ಅಂಗಡಿಯವರನ್ನೇ ಕರೆತಂದರು. ಅವರು ಜಗಲಿಯ ಮೇಲಿದ್ದದ್ದನ್ನು ನೋಡಿ, "ನಾನೇ ಕೊಟ್ಟು ನಾನೇ ಕೂರ್ಸಿರೋದು ಕಣ್ರೀ ಇದು" ಎಂದರು. ಯಜಮಾನರು ಎದ್ದು ಪಂಚೆ ಕೊಡವಿಕೊಂಡು, "ಸರಿ ಬುಡಪ್ಪಾ, ತಗಂಡೋಗು" ಎಂದು ಮನೆಯ ಕಡೆ ಹೊರಟರು. ತಪ್ಪಾಯಿತು ಎನ್ನುವ ಒಂದು ಮಾತಿಲ್ಲ! ಕಳ್ಳ ಎಂದದ್ದಕ್ಕಿಂತ ಆ 'ಸರಿ ಬುಡಪ್ಪಾ' ಇವತ್ತಿಗೂ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಮಾವ ಬ್ಯಾಟರಿಯನ್ನು ಮುಟ್ಟಲಿಲ್ಲ. "ಊರಿಗೆ ಅಂತ ತಂದಿದ್ದು. ಊರೇ ಮಡೀಕಳ್ಳಿ" ಎಂದು ಹೋದರು. ಆ ಬೇಸಿಗೆಯಲ್ಲೇ ಲಾರಿ ಮಾರಿ, ಮನೆಗೆ ಬೀಗ ಹಾಕಿ, ಕೆ.ಆರ್. ನಗರದ ಮಗಳ ಮನೆ ಸೇರಿದರು. ಮತ್ತೆ ಊರಿಗೆ ಕಾಲಿಡಲಿಲ್ಲ.

ಕಳೆದ ತಿಂಗಳು ಅವರು ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದ ಮೇಲೆ ಊರಿನವರು ನನಗೆ ಫೋನು ಮಾಡಿದರು. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸುತ್ತಾರಂತೆ, 'ಊರಿಗೆ ಬೆಳಕಾದವರು' ಎಂದು ಬರೆಸುತ್ತಾರಂತೆ. ಅವರದೊಂದು ಒಳ್ಳೆಯ ಫೋಟೋ ಇದ್ದರೆ ಕಳಿಸು ಎಂದರು.

ನನ್ನ ಹತ್ತಿರ ಇತ್ತು. ಲಾರಿಯ ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದಾರೆ ಮಾವ. ತುಂಬ ಹೊತ್ತು ನೋಡಿದೆ. ಕಳಿಸಲಿಲ್ಲ.