ಅಪ್ಪನ ಟ್ರ್ಯಾಕು

ಬನಹಟ್ಟಿಯಲ್ಲಿ ಮುತ್ತಣ್ಣನ ಮೈಕ್‌ಸೆಟ್ ಇಲ್ಲದೆ ಒಂದು ಲಗ್ನವೂ ಆಗುವುದಿಲ್ಲ, ಒಂದು ಜಗಳವೂ ನಡೆಯುವುದಿಲ್ಲ ಎಂದು ಜನ ಚೇಷ್ಟೆ ಮಾಡುತ್ತಾರೆ. ಅಂಥ ಮನುಷ್ಯನಿಗೆ ಈ ವರ್ಷ ಅದೇನು ತಲೆಗೆ ಹೊಕ್ಕಿತೋ, ಮನೆಯ ಹಳೆಯ ಮಗ್ಗದ ಖೋಲಿ ಖಾಲಿ ಮಾಡಿ, ಗೋಡೆಗೆಲ್ಲ ಅವ್ವ ಹೊಲಿದಿಟ್ಟ ಕೌದಿ ಬಡಿದು, ಸ್ಟುಡಿಯೋ ಮಾಡಿಬಿಟ್ಟ.

"ನಾವು ಹೊದ್ಕೊಳ್ಳಾಕ ಏನರ ಉಳಿಸೀರೋ ಇಲ್ಲೋ?" ಎಂದಳು ಹೆಂಡತಿ ರೇಷ್ಮಾ.

"ಬ್ಯಾಸಗಿ ಐತಲ್ಲ, ಸುಮ್ನಿರ" ಎಂದ.

ತಲೆಗೆ ಹೊಕ್ಕಿದ್ದು ಅಪ್ಪನ ದನಿ. ಬೀರೇಶ್ವರನ ಡೊಳ್ಳಿನ ಪದ ಎಂದರೆ ಗಿರಿಮಲ್ಲಪ್ಪನೇ ಹಾಡಬೇಕು ಎನ್ನುವವರು ಲೋಕಾಪುರದಿಂದ ಚಿಕ್ಕಪಡಸಲಗಿಯವರೆಗೆ ಇದ್ದಾರೆ. ಈಗ ಮುದುಕನಿಗೆ ದಮ್ಮು ಹಿಡಿಯುತ್ತದೆ, ಕಿವಿಯೂ ಮಂದ. ಊರವರ ದನಿಯನ್ನೆಲ್ಲ ದೊಡ್ಡದು ಮಾಡಿದ ಮಗನ ಹತ್ತಿರ ಹಡೆದಪ್ಪನ ದನಿ ಒಂದು ನಿಮಿಷವೂ ಇಲ್ಲ. ಇರುವ ಕ್ಯಾಸೆಟ್ಟುಗಳಲ್ಲಿ ಡೊಳ್ಳೇ ಡೊಳ್ಳು! ಅಪ್ಪ ಹೋಗುವ ಮೊದಲು ಆ ದನಿಯೊಂದನ್ನೇ, ಬೇರೆ ಮಾಡಿ, ಹಿಡಿದಿಡಬೇಕು. ಮುತ್ತಣ್ಣನಿಗೆ ಬೇಕಾದದ್ದು ಅಷ್ಟೇ.

ಅದಕ್ಕೇ ಮಲ್ಟಿಟ್ರ್ಯಾಕ್. ಒಬ್ಬೊಬ್ಬರಿಗೆ ಒಂದೊಂದು ಮೈಕು, ಒಂದೊಂದು ಮೈಕಿಗೆ ಒಂದೊಂದು ಟ್ರ್ಯಾಕು. ಆಮೇಲೆ ಬೇಕಾದವರದಷ್ಟೇ ಕೇಳಬಹುದು. ಆದರೆ ಯಾವ ಸಾಫ್ಟ್‌ವೇರು? ಮುಧೋಳದ ಗೆಳೆಯ ಪರಮೇಶ ಒಂದನ್ನು ಹೊಗಳಿದ. ಪುಕ್ಕಟೆ ಸಿಗುವ ಇನ್ನೊಂದನ್ನು ಯೂಟ್ಯೂಬಿನವರು ಹೊಗಳಿದರು. ಎರಡನ್ನೂ ಲ್ಯಾಪ್‌ಟಾಪಿಗೆ ಹಾಕಿದ. ಒಂದೊಂದರಲ್ಲಿ ಒಂದೊಂದು ಪದ ಹಾಡಿಸಿ, ಅಪ್ಪನ ದನಿ ಯಾವುದರಲ್ಲಿ ಚೊಕ್ಕಟ ಬರುತ್ತದೋ ಅದನ್ನೇ ಇಟ್ಟುಕೊಳ್ಳುವುದು ಎಂದು ಲೆಕ್ಕ ಹಾಕಿದ.

ಓಣಿಯ ಮಗ್ಗಗಳಿಗೆ ಸೂಟಿ ಇದ್ದ ದಿನ ಮೇಳ ಕೂತಿತು. ಡೊಳ್ಳಿಗೊಂದು ಮೈಕು, ತಾಳಕ್ಕೊಂದು, ಮುಂದೆ ಹಾಡುವ ಅಪ್ಪನಿಗೊಂದು. ನಡುವೆ ದಪ್ಪನೆಯ ಕೌದಿ ಇಳಿಬಿಟ್ಟು ಆಚೆ ಕಾಮಣ್ಣನಿಗೊಂದು. ಈ ಕಾಮಣ್ಣ ಅಪ್ಪನಿಗಿಂತ ಸಣ್ಣವ, ಹರೆಯದಿಂದಲೂ ಅವನ ಹಿಮ್ಮೇಳದವ. ಅಪ್ಪ ಒಂದು ಸಾಲು ಮುಗಿಸುವಾಗ ಅದರ ತುದಿ ಹಿಡಿದು ಎತ್ತಿಕೊಳ್ಳುವುದು ಅವನ ಕೆಲಸ. ಎಲ್ಲರ ಕಿವಿಗೂ ಹೆಡ್‌ಫೋನು. ಅಪ್ಪ ಅದರ ಮೇಲೆಯೇ ರೂಢಿಯಂತೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಎರಡೂ ಪದ ಹಾಡಿದ. ಎಲ್ಲ ಟ್ರ್ಯಾಕು ಕೂಡಿಸಿ ಕೇಳಿದರೆ ಭಲೇ ಭಲೇ! ಮುತ್ತಣ್ಣನ ಮೈ ಜುಮ್ಮೆಂದಿತು.

ಮೇಳದವರು ಚಹಾಕ್ಕೆ ಪಡಸಾಲೆಗೆ ಹೋದರು. ಮುತ್ತಣ್ಣ ಖುಷಿಯಿಂದ ಅಪ್ಪನ ಟ್ರ್ಯಾಕೊಂದನ್ನೇ ಹಚ್ಚಿದ.

ಮೊದಲ ಸಾಲಿನ ಎರಡು ಶಬ್ದ ಬಂದವು. ಆಮೇಲೆ ಏನೂ ಇಲ್ಲ. ದೂರದಲ್ಲಿ ಡೊಳ್ಳು, ಹತ್ತಿರದಲ್ಲಿ ಗೊರ್ ಗೊರ್ ಎನ್ನುವ ಉಸಿರು. ಮುಂದಿನ ಸಾಲಿಗೆ ಮತ್ತೆ ಎರಡು ಶಬ್ದ, ಮತ್ತೆ ಉಸಿರು.

ಮುತ್ತಣ್ಣ ಗಡಬಡಿಸಿ ಇನ್ನೊಂದು ಸಾಫ್ಟ್‌ವೇರು ತೆರೆದ. ಅದರಲ್ಲೂ ಅದೇ ಹಣೆಬರಹ! ಪರಮೇಶನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದ. "ನಿನ್ನ ಸಾಫ್ಟ್‌ವೇರಿಗೆ ಬೆಂಕಿ ಹತ್ತಲಿ! ನಮ್ಮಪ್ಪನ ದನೀನ ನುಂಗಿ ನೀರ ಕುಡದೈತಿ! ಆ ಪುಕ್ಕಟೇದ್ದೂ ಹಂಗ!"

"ಎರಡೂ ಕೂಡಿ ಒಬ್ಬನ ದನೀನ ಹೆಂಗ ನುಂಗತಾವಲೇ? ಉಳಿದವ್ರದ ಕೇಳಿ ನೋಡ" ಎಂದ ಪರಮೇಶ.

ಕಾಮಣ್ಣನ ಟ್ರ್ಯಾಕು ಹಚ್ಚಿದ. ಅಯ್ಯೋ ಶಿವನೇ! ಪದವೆಲ್ಲ ಅಲ್ಲೇ ಇತ್ತು. ಅಪ್ಪ ಹಾಡಬೇಕಾದ ಸಾಲು, ಹಿಮ್ಮೇಳ ಎತ್ತಿಕೊಳ್ಳಬೇಕಾದ ಸಾಲು, ಎರಡೂ ಒಬ್ಬನದೇ ಕೊರಳಲ್ಲಿ. ಅಪ್ಪನ ಎಳೆತ, ಅಪ್ಪನ ಬಳುಕು. ಇಷ್ಟು ವರ್ಷ ಅಪ್ಪನ ಮುಂದೆ ಮೈಕು ಇಟ್ಟವನು ತಾನೇ. ತನ್ನ ಕಿವಿಗೇ ಗೊತ್ತಾಗಲಿಲ್ಲವಲ್ಲ!

ತಿರುಗಿ ನೋಡಿದರೆ ಬಾಗಿಲಲ್ಲಿ ಕಾಮಣ್ಣ. ಕೈಯಲ್ಲಿ ಚಹಾದ ಬಟ್ಟಲು ಹಾಗೇ ಇತ್ತು.

"ಯಾವಾಗಿಂದ, ಕಾಕಾ?"

"ಅಣ್ಣಗ ದಮ್ಮ ಹತ್ತಿದಾಗಿಂದ. ಮುಂದಿನವಂಗ ಉಸರ ಸಾಲ್ದಿದ್ರ ಹಿಂದಿನವ ಹಿಡೀಬೇಕು. ದೇವರ ಪದ ನಡುವ ನೆಲಕ್ಕ ಬೀಳಬಾರ್ದೋ ತಮ್ಮಾ. ಮೇಳದಾಗ ಎಲ್ಲಾರಿಗೂ ಗೊತ್ತೈತಿ."

"ಅಪ್ಪಗ?"

ಕಾಮಣ್ಣ ಬಾಯಿ ತೆರೆಯುವಷ್ಟರಲ್ಲಿ ಗಿರಿಮಲ್ಲಪ್ಪನೇ ಒಳಗೆ ಬಂದು ಕುರ್ಚಿಯಲ್ಲಿ ಕೂತ. "ನಂದೊಂದ ಕೇಳಸಪಾ. ಅದಕ್ಕ ಅಲ್ಲೇನ ಇದನ್ನೆಲ್ಲಾ ತಂದದ್ದು?"

ಮುತ್ತಣ್ಣ ಕಾಮಣ್ಣನ ಮುಖ ನೋಡಿದ. ಅಪ್ಪನ ಕಿವಿ ಮಂದ, ಗೊತ್ತಾಗಲಿಕ್ಕಿಲ್ಲ ಎಂದುಕೊಂಡು, ಅಪ್ಪನಿಗೆ ಹೆಡ್‌ಫೋನು ಹಾಕಿ, ಕಾಮಣ್ಣನ ಟ್ರ್ಯಾಕನ್ನೇ ಹಚ್ಚಿಬಿಟ್ಟ.

ಗಿರಿಮಲ್ಲಪ್ಪ ತಲೆದೂಗುತ್ತ ಪದದ ಒಂದು ನುಡಿ ಪೂರ್ತಿ ಕೇಳಿದ. "ಕಾಮಣ್ಣ ಛಲೋ ಹಾಡ್ಯಾನ. ಇನ್ನ ನಂದ ಹಚ್ಚು."

ಹಚ್ಚದೆ ಗತಿ ಇರಲಿಲ್ಲ. ಎರಡು ಶಬ್ದ, ಆಮೇಲೆ ಉಸಿರು. ಮುದುಕ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಮತ್ತೆ ಎರಡು ಶಬ್ದ, ಮತ್ತೆ ಉಸಿರು. ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಗುತ್ತ ಹೋಯಿತು. ಮುತ್ತಣ್ಣ ನಿಲ್ಲಿಸಲು ಹೋದರೆ ಕೈ ತಡೆದ, ಕೊನೆಯವರೆಗೂ ಕೇಳಿದ.

"ನಾ ಹಾಡಾಕತ್ತೇನಿ ಅಂತ ತಿಳ್ದಿದ್ನಲ್ಲೋ ಕಾಮಣ್ಣಾ" ಎಂದ.

ಕಾಮಣ್ಣನಿಗೆ ಅಳು ತಡೆಯಲಾಗಲಿಲ್ಲ. ಮುತ್ತಣ್ಣನಿಗೆ ಲ್ಯಾಪ್‌ಟಾಪನ್ನು ಎತ್ತಿ ಒಗೆಯುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ.

"ಎರಡೂ ತಗದ ಹಾಕ್ತೇನ್ರಿ ಅಪ್ಪಾ. ಈ ದರಿದ್ರ ಸಾಫ್ಟ್‌ವೇರ ನಮಗ ಬ್ಯಾಡ್ರಿ."

"ಹುಚ್ಚಪ್ಪ! ಅದೊಂದ ನನಗ ಖರೆ ಹೇಳಿದ್ದು" ಎಂದ ಗಿರಿಮಲ್ಲಪ್ಪ. ಗೋಡೆ ಹಿಡಿದು ಎದ್ದ. ಕೌದಿ ಸರಿಸಿ ಆಚೆ ಹೋಗಿ ಕಾಮಣ್ಣನ ಜಾಗದಲ್ಲಿ ಕೂತ. "ಕಾಮಣ್ಣಾ, ಮುಂದ ಕುಂದರ. ನೀ ಹಾಡು, ತುದಿ ನಾ ಹಿಡೀತೇನಿ. ಅಷ್ಟ ಉಸರ ಐತಿ ನನಗ."

ಕಾಮಣ್ಣ ಒಲ್ಲೆ ಎಂದ, ಕೈಮುಗಿದ. ಮುದುಕ ಗದರಿದ ಮೇಲೆ ಕೂತ. ಮುತ್ತಣ್ಣ ಎದುರಿಗಿದ್ದ ಸಾಫ್ಟ್‌ವೇರಿನಲ್ಲೇ ಹೊಸದಾಗಿ ಟ್ರ್ಯಾಕು ತೆರೆದು, ಮೊದಲನೆಯದಕ್ಕೆ ಕಾಮಣ್ಣ ಕಾಕಾ ಎಂದೂ ಎರಡನೆಯದಕ್ಕೆ ಅಪ್ಪ ಎಂದೂ ಹೆಸರು ಕೊಟ್ಟ.

ಪದ ಮುಗಿದು ಎಲ್ಲರೂ ಹೋದ ಮೇಲೆ ಎರಡನೆಯದೊಂದನ್ನೇ ಹಚ್ಚಿದ. ಬಹಳ ಹೊತ್ತು ಬರೀ ಉಸಿರು. ಆಮೇಲೆ ಒಂದು ಸಾಲಿನ ತುದಿ ಬಂತು, ಒಡೆಯದೆ, ಪೂರ್ತಿ, ಅಪ್ಪನದೇ ದನಿಯಲ್ಲಿ.